ಯಾಕಮ್ಮನೂ ಮೈಕ್ ಮಾಮನ ಮಾತೂ

ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಊರಿಗೆಲ್ಲ ಅವಳು ಯಾಕಮ್ಮ.

ಆ ಹೆಸರು ಅಂಟಿಕೊಂಡದ್ದು ಪ್ರೆಸ್ಸಿನಲ್ಲಿ. ಅವಳು ಕೆಲಸಕ್ಕೆ ಸೇರಿದಾಗ ಅಲ್ಲಿ ಇನ್ನೂ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುತ್ತಿದ್ದರು. ಹೊಸಬರು ಬಾಯಿ ಮುಚ್ಚಿಕೊಂಡು ಕೆಲಸ ಕಲಿಯಬೇಕೆನ್ನುವುದು ಅಲ್ಲಿನ ರೂಢಿ. ಇವಳಿಗೆ ಅದು ಆಗದ ಮಾತು. ಕಕಾರ ಯಾಕೆ ಕೈಗೆ ಹತ್ತಿರವಿದೆ, ಝಕಾರವನ್ನು ಯಾಕೆ ಅಷ್ಟು ಮೂಲೆಗೆ ತಳ್ಳಿದ್ದಾರೆ, ಒತ್ತುಗಳಿಗೆ ಯಾಕೆ ಬೇರೆ ಖಾನೆ? ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡಿದ್ದ ಹಿರಿಯ ಕಂಪೋಸಿಟರ್ ಮೊದಲು ಒಂದೆರಡಕ್ಕೆ ಉತ್ತರ ಹೇಳಿದರು. ಆಮೇಲೆ ಅವಳು ಹತ್ತಿರ ಬರುತ್ತಿದ್ದರೆ ಸಾಕು, "ಬಂದ್ಲಪ್ಪ ಯಾಕಮ್ಮ!" ಎಂದು ಎದ್ದು ನೀರು ಕುಡಿಯಲು ಹೋಗಿಬಿಡುತ್ತಿದ್ದರು.

ಪ್ರೆಸ್ಸಿಗೆ ಕಂಪ್ಯೂಟರು ಬಂದಾಗ ಮೊಳೆ ಜೋಡಿಸುವವರಲ್ಲಿ ಹೆಚ್ಚಿನವರು ಬೇರೆ ಕೆಲಸ ಹಿಡಿದರು. ಯಾಕಮ್ಮ ಉಳಿದಳು. ಅವಳಿಗೆ ಕಂಪ್ಯೂಟರಿನ ಮೇಲೆ ಪ್ರೀತಿ ಹುಟ್ಟಿದ್ದು ಅದು ಚೆನ್ನಾಗಿ ನಡೆದಾಗಲ್ಲ, ಕೆಟ್ಟಾಗ. ಈ ಮೇಜಿನ ಕಂಪ್ಯೂಟರಿನಲ್ಲಿ ಮುತ್ತು ಪೋಣಿಸಿದಂತೆ ಕಾಣುವ ಪುಟ ಆ ಮೇಜಿನದರಲ್ಲಿ ಕೋಳಿ ಕೆದರಿದಂತೆ ಕಾಣುತ್ತಿತ್ತು. ಮಾಲೀಕರು "ದರಿದ್ರದ್ದು, ಇದಕ್ಕೆ ದೆವ್ವ ಹಿಡಿದಿದೆ" ಎಂದು ತಲೆ ಚಚ್ಚಿಕೊಂಡರೆ ಇವಳು ಕುರ್ಚಿ ಎಳೆದುಕೊಂಡು ಎರಡರ ಮಧ್ಯೆ ಕೂತು ಅದನ್ನೊಮ್ಮೆ ಇದನ್ನೊಮ್ಮೆ ನೋಡುವಳು. ಎರಡೂ ಒಂದೇ ಅಂಗಡಿಯಿಂದ ಬಂದವು, ಒಂದೇ ಬಣ್ಣದವು. ಅಂದಮೇಲೆ ಯಾಕೆ? ಹಾಗೆ ನೋಡುತ್ತ ನೋಡುತ್ತ ಅವಳಿಗೆ ಕಂಪ್ಯೂಟರಿನ ಒಂದು ಗುಣ ಅರ್ಥವಾಯಿತು. ಅದು ಏನನ್ನೂ ತಾನಾಗಿ ಹುಡುಕುವುದಿಲ್ಲ. ಇಂಥ ಮನೆ, ಇಂಥ ಕೋಣೆ, ಇಂಥ ಕಪಾಟು ಎಂದು ವಿಳಾಸ ಕೊಟ್ಟರೆ ನೆಟ್ಟಗೆ ಅಲ್ಲಿಗೆ ಹೋಗುತ್ತದೆ. ವಸ್ತು ಪಕ್ಕದ ಕಪಾಟಿನಲ್ಲಿದ್ದರೂ ಕತ್ತು ತಿರುಗಿಸದೆ ಬರಿಗೈಲಿ ವಾಪಸ್ಸು ಬರುತ್ತದೆ.

ಪ್ರೆಸ್ಸು ಮುಚ್ಚಿದ ಮೇಲೆ ಕೆಟ್ಟ ಕಂಪ್ಯೂಟರು ಸರಿಮಾಡುವುದೇ ಅವಳ ಕಸುಬಾಯಿತು. ಹೆಗಲಿಗೊಂದು ಚೀಲ, ಅದರಲ್ಲಿ ಹಳೆಯ ಲ್ಯಾಪ್‌ಟಾಪು, ಹೊರಟಳೆಂದರೆ ಮನೆ, ಅಂಗಡಿ, ಗ್ಯಾರೇಜು ಎನ್ನದೆ ಎಲ್ಲಿ ಕರೆದರೆ ಅಲ್ಲಿ. ಒಮ್ಮೆ ಫೋಟೋ ಸ್ಟುಡಿಯೋದವನ ಮದುವೆ ಆಲ್ಬಮ್ಮಿನಲ್ಲಿ ಎಲ್ಲ ಚಿತ್ರಗಳ ಜಾಗದಲ್ಲೂ ಬರೀ ಕೆಂಪು ಗೀಟು ಬಂದು ಅವನು ಅಳುವುದೊಂದು ಬಾಕಿಯಿತ್ತು. ಚಿತ್ರಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿದ್ದವು, ಆಲ್ಬಮ್ಮಿನಲ್ಲಿ ಇದ್ದದ್ದು ಅವುಗಳ ವಿಳಾಸ ಮಾತ್ರ, ಪೆನ್‌ಡ್ರೈವು ಅವನ ಭಾವಮೈದುನನ ಜೇಬಿನಲ್ಲಿ ಕೂತು ಬೇರೆ ಊರಿಗೆ ಹೋಗಿತ್ತು. ಯಾಕಮ್ಮ ಅದನ್ನು ಮನೆಯಲ್ಲಿ ಗಂಡನಿಗೆ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕಳು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ, "ನಗೋಕೇನಿದೆ ಅದ್ರಲ್ಲಿ?" ಎಂದು ಪೇಪರಿಗೆ ಮುಖ ಹಾಕಿದ.

ಮೈಕ್ ಮಾಮನ ಮನೆಯಿಂದ ಕರೆ ಬಂದದ್ದು ಒಂದು ಬೆಳಿಗ್ಗೆ.

ಮೈಕ್ ಮಾಮನನ್ನು ಅರಿಯದವರು ಊರಲ್ಲಿ ಇರಲಿಲ್ಲ, ಅವನ ಮುಖ ಕಂಡವರು ಮಾತ್ರ ಕಡಿಮೆ. ರೈಲ್ವೆ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಗಾಡಿ ಯಾವ ಕಟ್ಟೆಗೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು ಅವನ ಉದ್ಯೋಗವಾಗಿತ್ತು. ಗಾಡಿ ತಡ ಎಂದು ಅವನು ಹೇಳಿದರೆ ಜನಕ್ಕೆ ಸಿಟ್ಟೇ ಬರುತ್ತಿರಲಿಲ್ಲ, ಅಂಥ ದನಿ. ನಿವೃತ್ತಿಯಾದ ಮೇಲೆ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ, ಮಾತು ತಪ್ಪಿದವರಿಗೆ ತರಬೇತಿ ಕೊಡುವ ಆಸ್ಪತ್ರೆಯ ಮಾತಿನ ಟೀಚರ್ ಅವನನ್ನು ಕೂರಿಸಿಕೊಂಡು, ಮುಂದೆ ಬೇಕಾಗುವ ಮಾತುಗಳನ್ನೆಲ್ಲ ಅವನ ದನಿಯಲ್ಲೇ ರೆಕಾರ್ಡ್ ಮಾಡಿಸಿದ್ದರು. ಅವನ್ನು ಕಂಪ್ಯೂಟರಿಗೆ ಹಾಕಿದರೆ ಒಂದೊಂದು ಮಾತಿಗೆ ಒಂದೊಂದು ಗುಂಡಿ ತೆರೆಯ ಮೇಲೆ ಬರುತ್ತದೆ. ಗುಂಡಿ ಒತ್ತಿದರೆ ಮಾಮನ ದನಿ ಮಾತಾಡುತ್ತದೆ.

ಯಾಕಮ್ಮ ಹೋದಾಗ ಮಾಮ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ, ತೊಡೆಯ ಮೇಲೊಂದು ಸ್ಲೇಟು. ಅವನ ಹೆಂಡತಿ, ಎಲ್ಲರಿಗೂ ಅತ್ತೆ, ನೋಯುವ ಮಂಡಿ ಹಿಡಿದುಕೊಂಡು ಬಾಗಿಲು ತೆಗೆದಳು.

"ಬಾರಮ್ಮ. ನೀನೇ ನೋಡು ಇವರ ವೈಭವಾನ."

ಆಕೆ ಕಂಪ್ಯೂಟರಿನ ಮುಂದೆ ಹೋಗಿ ಒಂದೊಂದೇ ಗುಂಡಿ ಒತ್ತಿದಳು. "ನೀರು," ಎಂದಿತು ಆ ಗಂಭೀರವಾದ ದನಿ. "ಬೇಡ." "ಸಾಕು." "ಫ್ಯಾನ್ ಹಾಕು." "ಯಾರು ಬಂದ್ರು?"

"ಇಷ್ಟೇ. ಇಂಥವೇ ಒಂದು ಹಿಡಿ," ಎಂದಳು ಆಕೆ. "ಊರಿಗೆಲ್ಲ ಗಂಟೆಗಟ್ಲೆ ಮಾತಾಡಿದ ಮನುಷ್ಯ. ದನಿ ಹೋಗತ್ತೆ ಅಂತ ಗೊತ್ತಿದ್ದೂ ನನಗೆ ಇಟ್ಟಿರೋ ಮಾತು ನೋಡು, ಬೇಡ, ಸಾಕು. ಹೋಟೆಲ್ ಮಾಣಿ ಹತ್ರಾನೂ ಇದಕ್ಕಿಂತ ಜಾಸ್ತಿ ಮಾತಾಡ್ತಾರೆ ಜನ."

ಮಾಮ ಸ್ಲೇಟಿನ ಮೇಲೆ ಬಳಪ ಮುರಿಯುವ ಹಾಗೆ ಬರೆದು ಎತ್ತಿ ಹಿಡಿದ. "ಇನ್ನೂ ಇದೆ!"

"ಇದೆ ಇದೆ ಅಂತಾರೆ. ಎಲ್ಲಿದೆ? ಏನು ಅಂತ ಬರೀರಿ ಅಂದ್ರೆ ಬರೆಯಲ್ಲ."

ಮಾಮ ಒರೆಸಿ ಮತ್ತೆ ಬರೆದ. "ಓದೋಕಲ್ಲ. ಕೇಳೋಕೆ."

ಅಷ್ಟರಲ್ಲಿ ಮಗ ಒಳಗಿನಿಂದ ಬಂದ. ಆಫೀಸೊಂದರ ದಾಖಲೆ ಕೋಣೆಯಲ್ಲಿ ಗುಮಾಸ್ತ. ಅಂಗಿಯ ಜೇಬಿನಲ್ಲಿ ಪೆನ್ನುಗಳು ಎತ್ತರದ ಪ್ರಕಾರ ನಿಂತಿದ್ದವು. "ಅಕ್ಕ, ನನಗಂತೂ ತಲೆ ಕೆಟ್ಟು ಹೋಗಿದೆ," ಎಂದ. "ಆಸ್ಪತ್ರೆ ಕಂಪ್ಯೂಟರಲ್ಲಿ ಅಷ್ಟೂ ಮಾತಾಡತ್ತೆ, ನಾನೇ ಗುಂಡಿಗಳನ್ನ ನೋಡಿದೀನಿ. ಅದೇ ಪೆನ್‌ಡ್ರೈವಿಂದ ಇಲ್ಲಿಗೆ ಹಾಕಿದೀನಿ. ಫೋಲ್ಡರ್ ತೆಗೆದ್ರೆ ಎಲ್ಲ ಫೈಲೂ ಇದಾವೆ, ಹೆಸರು ಓದೋಕೆ ಮಾತ್ರ ಅಪ್ಪ ಬಿಡಲ್ಲ. ಆದ್ರೆ ಈ ಪ್ರೋಗ್ರಾಂ ಅರ್ಧಕ್ಕಿಂತ ಕಮ್ಮಿ ತೋರ್ಸತ್ತೆ. ಇಲ್ಲದ್ದನ್ನ ಫೋಲ್ಡರಿಂದ ನೇರ ತೆಗೆಯೋಕೆ ಹೋದ್ರೆ 'ಫೈಲ್ ಸಿಗ್ತಿಲ್ಲ' ಅನ್ನತ್ತೆ. ಕಣ್ಮುಂದೆ ಇದೆ, ಸಿಗ್ತಿಲ್ಲ!"

ಯಾಕಮ್ಮನ ಕಣ್ಣು ಅರಳಿತು. ಪೂರಾ ಕೆಟ್ಟರೆ ಅವಳಿಗೆ ಅಷ್ಟೇನೂ ರುಚಿಸುತ್ತಿರಲಿಲ್ಲ. ಅರ್ಧ ನಡೆದು ಅರ್ಧ ನಿಂತರೆ ಮಾತ್ರ ಅವಳ ತಲೆಯೊಳಗೆ ಹುಳ ಹೊಕ್ಕಂತಾಗುತ್ತಿತ್ತು. ಯಾವ ಅರ್ಧ? ಯಾಕೆ ಆ ಅರ್ಧವೇ?

ಮೊದಲ ದಿನ ಅವಳು ಊಹಿಸಿದ್ದೆಲ್ಲ ತಪ್ಪಾಯಿತು. ನಕಲು ಮಾಡುವಾಗ ಫೈಲು ಕೆಟ್ಟಿರಬೇಕೆಂದು ಆಸ್ಪತ್ರೆಯಿಂದ ಮತ್ತೆ ತರಿಸಿ, ಹಳೆಯ ಫೈಲುಗಳ ಮೇಲೆಯೇ ಹೊಸವನ್ನು ಹಾಕಲು ಹೊರಟಳು. ಕೆಲವು ಹೋದವು, ಮಿಕ್ಕವಕ್ಕೆ ಕಂಪ್ಯೂಟರು ಏನೋ ಇಂಗ್ಲಿಷಿನಲ್ಲಿ ಗೊಣಗಿತು. ಅವಸರದಲ್ಲಿದ್ದ ಮಗ ಅದನ್ನು ಓದದೆ 'ಬಿಡು' ಎಂದು ಒತ್ತಿಬಿಟ್ಟ. ಆಮೇಲೆ ಪ್ರೋಗ್ರಾಮನ್ನೇ ಕಿತ್ತು ಹೊಸದಾಗಿ ಹಾಕಿದಳು. ಅದು ಹಾಕಿಕೊಂಡಿತು, ನಡೆಯಿತು, ಮತ್ತೆ "ನೀರು, ಬೇಡ, ಸಾಕು" ಎಂದಿತು. ಹೆಡ್‌ಫೋನು, ಸ್ಪೀಕರು, ದನಿಯ ಸಲಕರಣೆಗಳನ್ನೆಲ್ಲ ಜಾಲಾಡಿದಳು. ಮಾತಿನ ಟೀಚರಿಗೆ ಫೋನ್ ಹಚ್ಚಿದಳು.

"ಅಯ್ಯೋ ಮೇಡಂ, ಅದು ತುಂಬ ಹಳೇ ಪ್ರೋಗ್ರಾಂ," ಎಂದರು ಅವರು. "ಬರೆದವರು ಈಗ ಎಲ್ಲಿದಾರೋ ಗೊತ್ತಿಲ್ಲ. ಫೋಲ್ಡರ್ ಎಲ್ಲಿದೆ ಅಂತ ತೋರಿಸಿದ್ರೆ ಅದರಲ್ಲಿ ತನಗೆ ಸಿಕ್ಕಿದ್ದಕ್ಕೆಲ್ಲ ಗುಂಡಿ ಮಾಡ್ಕೊಳತ್ತೆ. ಸಿಗದಿದ್ರೆ ಸುಮ್ಮನಿರತ್ತೆ. ಬಾಯಿ ಬಿಟ್ಟು ಹೇಳಲ್ಲ."

"ಯಾಕೆ ಹೇಳಲ್ಲ?"

"ಅದನ್ನ ಬರೆದವರನ್ನೇ ಕೇಳ್ಬೇಕು," ಎಂದು ನಕ್ಕರು ಟೀಚರು.

ಯಾಕಮ್ಮ ಪ್ರೋಗ್ರಾಮನ್ನೂ ಫೈಲುಗಳನ್ನೂ ಆಸ್ಪತ್ರೆಯ ಪೆನ್‌ಡ್ರೈವಿನಿಂದ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಮನೆಗೆ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಪ್ರೋಗ್ರಾಂ ತೆರೆದಳು. ತೆರೆಯ ತುಂಬ ಗುಂಡಿಗಳು ಅರಳಿದವು! ಎಲ್ಲವೂ ಇದ್ದವು. ಖುಷಿಯಲ್ಲಿ ಒಂದನ್ನು ಒತ್ತಿಯೂ ಬಿಟ್ಟಳು. "ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಅಂತ ಎಷ್ಟೋ ಸಲ..." ಎಂದು ಆ ದನಿ ಶುರುಮಾಡಿದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡು ನಿಲ್ಲಿಸಿದಳು.

ಒಲೆಯ ಮುಂದೆ ನಿಂತಿದ್ದ ಗಂಡ ತಿರುಗಿದ. "ಯಾಕೆ ನಿಲ್ಲಿಸ್ದೆ? ಏನಂತೆ?"

"ಇದು ನಮಗೆ ಹೇಳಿದ್ದಲ್ಲ."

"ನೀನು ಕೇಳಲ್ವಾ? ನೀನು?" ಗಂಡ ಸೌಟು ಹಿಡಿದುಕೊಂಡೇ ಅವಳ ಹಣೆ ಮುಟ್ಟಿ ನೋಡಿದ, ಜ್ವರ ಗಿರ ಬಂದಿದೆಯೇನೋ ಎಂಬಂತೆ.

ಕೇಳಬೇಕೆಂಬ ಆಸೆ ಅವಳಿಗೆ ಇರಲಿಲ್ಲವೆಂದಲ್ಲ, ನಾಲಿಗೆ ಕಚ್ಚಿ ಹಿಡಿಯುವಷ್ಟಿತ್ತು. ಆದರೆ ಆ ಮಾತು ಮೊದಲು ಮುಟ್ಟಬೇಕಾದ ಕಿವಿ ಬೇರೆ ಇತ್ತು. ಅವಳು ಲ್ಯಾಪ್‌ಟಾಪಿನ ಸದ್ದು ಪೂರ್ತಿ ತೆಗೆದುಹಾಕಿದಳು. ಗುಂಡಿ ಒತ್ತಿದರೆ ಒಂದು ಹಸಿರು ಗೆರೆ ಓಡುತ್ತಿತ್ತು. ಗೆರೆ ಓಡಿದರೆ ಮಾತು ಇದೆ, ಓಡದಿದ್ದರೆ ಇಲ್ಲ. ಅಷ್ಟು ತಿಳಿದರೆ ಅವಳ ಕೆಲಸಕ್ಕೆ ಸಾಕಾಗಿತ್ತು. ಎಲ್ಲ ಗೆರೆಗಳೂ ಓಡಿದವು. ಅಂದರೆ ಫೈಲುಗಳಲ್ಲಿ ದೋಷವಿಲ್ಲ, ಪ್ರೋಗ್ರಾಮಿನಲ್ಲೂ ಇಲ್ಲ. ಇರುವುದೆಲ್ಲ ಆ ಮನೆಯ ಕಂಪ್ಯೂಟರಿನಲ್ಲಿ.

ಆದರೆ ಒಂದು ತೊಡಕಿತ್ತು. ಟೀಚರು ಒಂದೊಂದು ಫೈಲಿಗೂ ಅದರೊಳಗಿನ ಮಾತನ್ನೇ ಹೆಸರಾಗಿ ಇಟ್ಟಿದ್ದರು. ಸದ್ದು ಮುಚ್ಚಿದರೂ ಕಣ್ಣು ಮುಚ್ಚಿ ಕೆಲಸ ಮಾಡುವುದು ಹೇಗೆ? ಆಗ ಪ್ರೆಸ್ಸಿನ ಹಿರಿಯರು ಕಲಿಸಿದ ವಿದ್ಯೆ ಉಪಯೋಗಕ್ಕೆ ಬಂತು. ಅಕ್ಷರ ನೋಡು, ಅರ್ಥ ನೋಡಬೇಡ, ಅರ್ಥಕ್ಕೆ ಬಿದ್ದರೆ ಕೈ ತಪ್ಪುತ್ತದೆ ಎನ್ನುತ್ತಿದ್ದರು ಅವರು. ಮರುದಿನ ಮಾಮನ ಮನೆಯಲ್ಲಿ ಅವಳು ಹೆಸರುಗಳನ್ನು ಹಾಗೆಯೇ ನೋಡಿದಳು, ಬರೀ ಅಕ್ಷರಗಳ ಸಾಲಾಗಿ.

ಹಾಗೆ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಗುಂಡಿಯಾಗಿ ಬಂದವೆಲ್ಲ ಗಿಡ್ಡ ಹೆಸರಿನವು. ಬಾರದವು ಉದ್ದದವು.

"ಸರಿ, ಉದ್ದದ್ದು ಬರಲ್ಲ," ಎಂದು ಗೊಣಗಿಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಯಾಕಮ್ಮನಾಗುತ್ತಿರಲಿಲ್ಲ. ಗಿಡ್ಡದ್ದು ಎಲ್ಲಿ ಮುಗಿದು ಉದ್ದದ್ದು ಎಲ್ಲಿ ಶುರುವಾಗುತ್ತದೆ? ಆ ಗಡಿ ಹುಡುಕುತ್ತ ಹೋದಾಗ ಎರಡು ಹೆಸರುಗಳು ಅವಳನ್ನು ತಡೆದು ನಿಲ್ಲಿಸಿದವು. ಗುಟ್ಟಿನ ಮಾತುಗಳಲ್ಲ, ದಿನವೂ ಯಾರ ಮನೆಯಲ್ಲಾದರೂ ಆಡುವಂಥವು. ಒಂದು, "ಆ ಕಡೆ ಕಿಟಕಿ ತೆರೆ ಗಾಳಿ ಬರಲಿ." ಅದು ಬಂದಿತ್ತು. ಇನ್ನೊಂದು, "ಕನ್ನಡಕ ಎಲ್ಲಿಟ್ಟಿದ್ದೀನಿ ಸ್ವಲ್ಪ ನೋಡು." ಅದು ಬಂದಿರಲಿಲ್ಲ. ಬೆರಳಿಟ್ಟು ಎಣಿಸಿದಳು. ಅಕ್ಷರ ಸಮಸಮ! ಮತ್ತೆ ಎಣಿಸಿದಳು. ಸಮ.

"ಮಾಮ, ಗಾಳಿ ಬೇಕು ಅಂದ್ರೆ ಕೇಳಿಸತ್ತೆ, ಕನ್ನಡಕ ಬೇಕು ಅಂದ್ರೆ ಕೇಳಿಸಲ್ಲ. ಯಾಕೆ?"

ಮಾಮ ಎರಡೂ ಕೈ ಮೇಲಕ್ಕೆತ್ತಿ ತೋರಿಸಿದ. ಅತ್ತೆ ಕಾಫಿ ತಂದಿಟ್ಟು, "ಕನ್ನಡಕ ಅವರ ತಲೆ ಮೇಲೇ ಇರತ್ತೆ, ಅದಕ್ಕೇ ಇರಬೇಕು," ಎಂದಳು.

ಯಾಕಮ್ಮ ಕಾಫಿ ಮುಟ್ಟಲಿಲ್ಲ. ಆ 'ಲ್ಲಿ', 'ಟ್ಟಿ', 'ದ್ದೀ'ಗಳನ್ನೇ ದಿಟ್ಟಿಸುತ್ತ ಕೂತಳು. ನೋಡುತ್ತಿದ್ದಂತೆ ಬಲಗೈ ತನಗೆ ತಾನೇ ಗಾಳಿಯಲ್ಲಿ ಆಡತೊಡಗಿತು. ಇಲ್ಲಿಂದ ಅಕ್ಷರ, ಅಲ್ಲಿಂದ ಒತ್ತು. ಒಂದೇ ಅಕ್ಷರ ಕಟ್ಟುವುದಕ್ಕೆ ಬೇರೆ ಬೇರೆ ಖಾನೆಗೆ ಕೈ ಹೋಗಬೇಕಿತ್ತು ಆಗ. ಕಾಗದದ ಮೇಲೆ ಒತ್ತು ಕೆಳಗೆ ಕೂತುಬಿಡುತ್ತದೆ, ನೋಡುವವರಿಗೆ ಒಂದೇ ಅಕ್ಷರ. ಜೋಡಿಸುವವನಿಗೆ ಮಾತ್ರ ಗೊತ್ತು, ಅದು ಒಂದಲ್ಲ.

"ಇದೂ ಬಿಡಿಬಿಡಿಯಾಗಿ ಎಣಿಸತ್ತೆ!" ಎಂದು ಅವಳು ಕೂಗಿದ್ದಕ್ಕೆ ಅತ್ತೆಯ ಕೈಯ ತಟ್ಟೆ ಅಲ್ಲಾಡಿತು. "ನಮಗೆ 'ಲ್ಲಿ' ಅಂದ್ರೆ ಒಂದಕ್ಷರ. ಈ ಕಂಪ್ಯೂಟರಿಗೆ ಲ ಬೇರೆ, ಅದನ್ನ ಅರ್ಧ ಮಾಡೋ ಗುರುತು ಬೇರೆ, ಕೆಳಗಿನ ಲ ಬೇರೆ, ಗುಡಿಸು ಬೇರೆ. ಕನ್ನಡಕದ್ದು ನೋಡೋಕೆ ಅಷ್ಟೇ, ಲೆಕ್ಕಕ್ಕೆ ಜಾಸ್ತಿ ಉದ್ದ."

ಮಗ ಹತ್ತಿರ ಬಂದು ಬಗ್ಗಿದ. "ಸರಿ ಅಕ್ಕ. ಆದ್ರೂ ಇದೇನು ಮಹಾ ಉದ್ದ? ನಿಮ್ಮ ಲ್ಯಾಪ್‌ಟಾಪಲ್ಲಿ ಇದೇ ಹೆಸರು ಓಡತ್ತಲ್ಲ?"

ಅದು ಸರಿಯಾದ ಪ್ರಶ್ನೆಯಾಗಿತ್ತು. ತನಗೆ ಹೊಳೆಯಬೇಕಿದ್ದದ್ದು ಇವನಿಗೆ ಹೊಳೆಯಿತಲ್ಲ ಎಂದು ಯಾಕಮ್ಮ ಅವನನ್ನು ಮೆಚ್ಚುಗೆಯಿಂದ ನೋಡಿದಳು. ಹೆಸರು ಒಂದೇ. ಬೇರೆಯಾಗಿರುವುದು ಏನು? "ಇದನ್ನ ಎಲ್ಲಿ ಇಟ್ಟಿದೀಯಪ್ಪ? ದಾರಿ ತೋರಿಸು."

ಮಗ ಹುರುಪಿನಿಂದ ತೋರಿಸಿದ. "ಮೊದಲು ಡೆಸ್ಕ್‌ಟಾಪಲ್ಲಿ ಹಾಗೇ ಬಿದ್ದಿತ್ತು. ಹೊರಗಡೆ ಇದ್ರೆ ಯಾರಾದ್ರೂ ಅಳಿಸಿಬಿಟ್ರೆ? ಅದಕ್ಕೇ ಒಳಗೆ ಸೇರಿಸಿದೆ." 'ಮನೆಗೆ ಸಂಬಂಧಿಸಿದ ಎಲ್ಲ ಕಾಗದಪತ್ರಗಳು' ಎಂಬ ಫೋಲ್ಡರು ತೆರೆಯಿತು. ಅದರೊಳಗೆ 'ಅಪ್ಪನ ಆರೋಗ್ಯಕ್ಕೆ ಸಂಬಂಧಿಸಿದ್ದು'. ಅದರೊಳಗೆ 'ಗಂಟಲಿನ ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಮಾಡಿಕೊಟ್ಟಿದ್ದು'. ಅದರೊಳಗೆ 'ಬಹಳ ಮುಖ್ಯವಾದದ್ದು ಇದರೊಳಗಿನ ಯಾವುದನ್ನೂ ಮುಟ್ಟಬಾರದು'. ಕಟ್ಟಕಡೆಗೆ 'ಅಪ್ಪನ ದನಿ ದಯವಿಟ್ಟು ಯಾರೂ ಅಳಿಸಬೇಡಿ'.

ಯಾಕಮ್ಮನಿಗೆ ನಗು ಒತ್ತರಿಸಿಕೊಂಡು ಬಂತು. ಆದರೆ ಕೊನೆಯ ಹೆಸರು ಓದಿದ ಮೇಲೆ ನಗಲಾಗಲಿಲ್ಲ.

"ನೋಡು," ಎಂದಳು ಮೆಲ್ಲಗೆ. "ಕಂಪ್ಯೂಟರು ಬರೀ ಫೈಲಿನ ಹೆಸರು ಎಣಿಸಲ್ಲ. ಹೆಬ್ಬಾಗಿಲಿಂದ ಅಲ್ಲಿವರೆಗಿನ ದಾರಿ ಪೂರ್ತಿ ಎಣಿಸತ್ತೆ, ಎಲ್ಲ ಕೋಣೆಗಳ ಹೆಸರೂ ಸೇರಿಸಿ. ಇಂಥ ಹಳೇ ಪ್ರೋಗ್ರಾಮುಗಳಿಗೆ ಒಂದು ಮಿತಿ ಇದೆ. ದಾರಿ ಅದನ್ನ ಮೀರಿದ್ರೆ ಸುಸ್ತಾಗಿ ವಾಪಸ್ಸು ಬಂದುಬಿಡತ್ತೆ. ನಿನ್ನ ಕೋಣೆಗಳೇ ಮುಕ್ಕಾಲು ಪಾಲು ನುಂಗಿ ಹಾಕಿವೆ. ಮಿಕ್ಕ ಜಾಗದಲ್ಲಿ 'ನೀರು' ಹಿಡಿಸತ್ತೆ, 'ಬೇಡ' ಹಿಡಿಸತ್ತೆ."

ಮಗನ ಮುಖ ಸಪ್ಪಗಾಯಿತು. "ಅಂದ್ರೆ ಅಪ್ಪನ ಬಾಯಿ ಕಟ್ಟಿದ್ದು ನಾನೇನಾ? ಜೋಪಾನ ಮಾಡೋಕೆ ಹೋಗಿ?"

ಮಾಮ ಸ್ಲೇಟಿಗೆ ಕೈ ಹಾಕಲಿಲ್ಲ. ಕುರ್ಚಿಯಿಂದ ಮುಂದಕ್ಕೆ ಬಾಗಿ ಮಗನ ತೋಳು ಹಿಡಿದು ಒಮ್ಮೆ ಅಲುಗಾಡಿಸಿದ, ನಿದ್ದೆಯಿಂದ ಎಬ್ಬಿಸುವ ಹಾಗೆ. ಮಗ ಮೂಗೊರೆಸಿಕೊಂಡು ನಕ್ಕ.

ಮುಂದಿನದು ಹೂವೆತ್ತಿದಷ್ಟು ಸುಲಭದ ಕೆಲಸ. ಯಾಕಮ್ಮ ಆ ಕೊನೆಯ ಫೋಲ್ಡರನ್ನು ಎಲ್ಲ ಕೋಣೆಗಳಿಂದ ಹೊರಗೆ ತಂದು ಹೆಬ್ಬಾಗಿಲಿನ ಪಕ್ಕಕ್ಕೇ ಇಟ್ಟಳು. ಅದಕ್ಕೆ 'ದನಿ' ಎಂದಷ್ಟೇ ಹೆಸರು ಕೊಟ್ಟಳು. ಯಾರೂ ಅಳಿಸದಂತೆ ಬೀಗ ಹಾಕುವುದು ಹೇಗೆಂದು ಮಗನಿಗೆ ತೋರಿಸಿ, ಒಂದು ನಕಲನ್ನು ಬೇರೆ ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಪ್ರೋಗ್ರಾಮಿಗೆ ಹೊಸ ಜಾಗ ತೋರಿಸಿದಳು. ತೆರೆ ಒಂದು ಕ್ಷಣ ಬಿಳಿಚಿಕೊಂಡಿತು. ಆಮೇಲೆ ಗುಂಡಿಗಳು ಸಾಲು ಸಾಲಾಗಿ ಮೇಲಿಂದ ಕೆಳಗೆ ತುಂಬಿಕೊಳ್ಳುತ್ತ ಬಂದವು, ತೆರೆಯಲ್ಲಿ ಹಿಡಿಸದೆ ಕೆಳಗೂ ಇಳಿದವು.

ಅತ್ತೆ ಓದಲು ಮುಖ ಮುಂದಕ್ಕೆ ಚಾಚಿದಳು. ಮಾಮ ಅಂಗೈ ಅಡ್ಡ ಹಿಡಿದ. ಓದಬಾರದು. ತಾನೇ ಕುರ್ಚಿ ಎಳೆದುಕೊಂಡು ಬಂದು ಬಹಳ ಹೊತ್ತು ಹುಡುಕಿ ಒಂದನ್ನು ಆರಿಸಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ," ಎಂದಿತು ನಿಲ್ದಾಣವನ್ನೆಲ್ಲ ತುಂಬುತ್ತಿದ್ದ ಅದೇ ದನಿ. "ಅಡುಗೆಮನೆಯಿಂದ ಹೊರಡಬೇಕಾಗಿದ್ದ ನನ್ನ ಹೆಂಡತಿ ಎಂದಿನಂತೆ ತಡವಾಗಿ ಬರುತ್ತಿದ್ದಾಳೆ. ಅವಳು ಬಂದು ಈ ಕುರ್ಚಿಯಲ್ಲಿ ಕೂರುವ ತನಕ ನಾನು ಕಾಯುತ್ತಿರುತ್ತೇನೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನೋಡು ನೋಡು, ಇಲ್ಲೂ ನಾನೇ ತಡ!" ಎಂದು ನಗಲು ಹೋದಳು. ನಗು ಅರ್ಧಕ್ಕೇ ಒಡೆಯಿತು. ಮಂಡಿ ನೋವು ಮರೆತು ಅವನ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು. ಮಾಮನ ಬೆರಳು ಮುಂದಿನ ಗುಂಡಿಯನ್ನು ಹುಡುಕತೊಡಗಿತ್ತು.

ಯಾಕಮ್ಮ ಲ್ಯಾಪ್‌ಟಾಪು ಮಡಚಿ ಚೀಲಕ್ಕೆ ತುರುಕಿದಳು. ಮಗನಿಗೆ ಕಣ್ಸನ್ನೆ ಮಾಡಿ, ಅವನನ್ನೂ ಕರೆದುಕೊಂಡು ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಒಳಗಿನಿಂದ ಮಾತಿನ ಏರಿಳಿತ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಅತ್ತೆಯಿಂದ ಮತ್ತೆ ಫೋನು. "ಏನತ್ತೆ, ಕೆಟ್ಟೋಯ್ತಾ?" ಎಂದು ಯಾಕಮ್ಮ ಆಸೆಯಿಂದಲೇ ಕೇಳಿದಳು.

"ಚೆನ್ನಾಗೇ ಇದೆ. ನನ್ನ ದನೀನೂ ಹಿಡಿದಿಟ್ಟುಕೊಡು. ಇವರದ್ದು ಮಾತ್ರ ಉಳಿದು ನನ್ನದು ಉಳಿಯದಿದ್ರೆ ಅದ್ಯಾವ ನ್ಯಾಯ?"

ಯಾಕಮ್ಮ ಮೈಕು ತೆಗೆದುಕೊಂಡು ಹೋಗಿ ಮೇಜಿನ ಮೇಲೆ ನಿಲ್ಲಿಸಿದಳು. ತಲೆ ಬಾಚಿ, ಒಗೆದ ಸೀರೆ ಉಟ್ಟು ಸಿದ್ಧವಾಗಿದ್ದ ಅತ್ತೆ ಅದರ ಮುಂದೆ ಕೂತವಳೇ ಕಲ್ಲಾದಳು. ತುಟಿ ಅಲ್ಲಾಡಿದವು, ದನಿ ಬರಲಿಲ್ಲ.

"ಯಾಕತ್ತೆ?"

"ಏನಂತ ಹೇಳ್ಲಿ? ಎದುರಿಗೆ ಇದನ್ನ ನೋಡಿದ್ರೆ ಬಾಯೇ ಕಟ್ಟಿಹೋಗತ್ತೆ. ಇವರು ಜೀವನಪೂರ್ತಿ ಹೇಗೆ ಮಾತಾಡಿದ್ರೋ!"

ಮಾಮ ಸ್ಲೇಟು ತೆಗೆದುಕೊಂಡು ಏನೋ ಬರೆದು, ಇಬ್ಬರಿಗೂ ಕಾಣುವಂತೆ ಎದೆಯ ಮುಂದೆ ಹಿಡಿದ. ಒಂದೇ ಪದವಿತ್ತು. "ಬೈಯಿ."

ಅತ್ತೆ ಅದನ್ನು ಓದಿದಳು, ಗಂಡನನ್ನು ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬೈಯದೆ ಮತ್ತೇನು! ಆ ಒದ್ದೆ ಟವಲ್ಲು ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ..." ಎಂದು ಶುರುಮಾಡಿದಳು. ಯಾಕಮ್ಮ ಅವಸರದಲ್ಲಿ ರೆಕಾರ್ಡಿನ ಗುಂಡಿ ಒತ್ತಿದಳು. ಹಸಿರು ಗೆರೆ ಓಡತೊಡಗಿತು. ಟವಲ್ಲಿನಿಂದ ಹೊರಟ ಮಾತು ಮದುವೆಯಾದ ಹೊಸದರಲ್ಲಿ ತಪ್ಪಿದ ಗಾಡಿಯ ತನಕ ಹೋಯಿತು, ಅಲ್ಲಿಂದ ಅವನ ಅಕ್ಕ ಆಡಿದ ಯಾವುದೋ ಮಾತಿಗೆ ತಿರುಗಿತು. ಮಾಮ ಕೆನ್ನೆಗೆ ಕೈ ಕೊಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದ. ಯಾಕಮ್ಮನಿಗೆ ಇದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ, ನಿಲ್ಲಿಸುವ ಮನಸ್ಸೂ ಆಗಲಿಲ್ಲ.